ಶುಕ್ರನಿಗಾಗಿ ಕಾದವನು

2004ರ ಜೂನ್ 8ರಂದು ಶಾಲೆಯ ಮಕ್ಕಳಿಗೆ ಶುಕ್ರ ಸಂಕ್ರಮವನ್ನು ತೋರಿಸುವಾಗ ನನಗೆ ನೆನಪಾದವನು ಫ್ರೆಂಚ್ ಖಗೋಳಜ್ಞ ಲೆ ಜಾಂಟೀಲ್.

ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವ ವೇಳೆಯನ್ನು ಭೂಮಿಯ ಹಲವೆಡೆಗಳಿಂದ ಅಳೆದರೆ ಸೂರ್ಯನ ದೂರವನ್ನು ಲೆಕ್ಕಹಾಕಬಹುದು. ಅದಕ್ಕಾಗಿ ಅವನು 1760ರಲ್ಲಿ ಪಾಂಡಿಚೇರಿಗೆ ಹೊರಟನು. ದಾರಿಯಲ್ಲಿರುವಾಗಲೇ ಆ ಊರು ಬ್ರಿಟಿಷರ ವಶವಾಯಿತು. 1761ರ ಜೂನ್ 6ರ ಸಂಕ್ರಮವನ್ನು ಓಲಾಡುವ ಹಡಗಿನಿಂದ ಕಂಡನಾದರೂ ಆ ಅಳತೆ ಉಪಯೋಗಕ್ಕೆ ಬರಲಿಲ್ಲ. ಮುಂದಿನ ಸಂಕ್ರಮಕ್ಕಾಗಿ ಎಂಟು ವರ್ಷ ಸ್ವದೇಶಕ್ಕೆ ಮರಳದೆ ಕಾದನು. 1769ರ ಜೂನ್ 4ರ ಮುಂಜಾನೆ ಪಾಂಡಿಚೇರಿಯಲ್ಲಿ ಎಲ್ಲವೂ ಸಿದ್ಧವಾಗಿತ್ತು. ಆದರೆ ಮೋಡ ಮುಸುಕಿ, ಸಂಕ್ರಮ ಮುಗಿದ ಬಳಿಕವೇ ಸೂರ್ಯ ಬೆಳಗಿದನು.

ಆದರೂ ಅವನು ಬರಿಗೈಯಲ್ಲಿ ಮರಳಲಿಲ್ಲ. ಅಲ್ಲಿನ ತಮಿಳು ಪಂಚಾಂಗ ಪಂಡಿತರ ಗ್ರಹಣಗಣಿತವನ್ನು ಕಲಿತು ತನ್ನ ಗ್ರಂಥದಲ್ಲಿ ದಾಖಲಿಸಿದನು. ಸೋತ ಪ್ರಯಾಣವೂ ವಿದ್ಯೆಯನ್ನು ತಂದುಕೊಟ್ಟಿತೆಂದು ಅಂದು ಮಕ್ಕಳಿಗೆ ಹೇಳಿದೆ.