ಗುಡಿಗೆ ಬಿಟ್ಟ ಕಿರುಕುಳ

‘ಕಿರುಕುಳ’ ಅಂದರೆ ಇವತ್ತು ಮನಸ್ಸಿಗೆ ಬರುವುದು ಪೊಲೀಸ್ ಠಾಣೆ, ವರದಕ್ಷಿಣೆ, ಸಾಲ ವಸೂಲಿಗೆ ಬಾಗಿಲಲ್ಲಿ ಬಂದು ನಿಂತವರು. ಕಲ್ಯಾಣ ಚಾಲುಕ್ಯರ ಕಾಲದವರು ಇದೇ ಪದವನ್ನು ಕಲ್ಲಿನಲ್ಲಿ ಕಡೆಸಿ, ಗುಡಿಯ ನಂದಾದೀವಿಗೆಗೆ ದಾನ ಬಿಟ್ಟಿದ್ದಾರೆ. ದೇವರಿಗೆ ಕಿರುಕುಳದ ದಾನ! ಮೊದಲ ಸಲ ಓದಿದಾಗ ಆ ಪದವನ್ನು ದಾಟಿ ಮುಂದಕ್ಕೆ ಹೋಗಲು ನನಗೆ ಆಗಲಿಲ್ಲ.

ಆಗ ಅದೊಂದು ತೆರಿಗೆಯ ಬಾಬತ್ತು. ದೊಡ್ಡ ಸರಕಿನ ಮೇಲೆ ಬೀಳುವುದು ‘ಪೆರ್ಜುಂಕ’: ಪೆರ್ ಎಂದರೆ ಹಿರಿದು, ಅದಕ್ಕೆ ಸುಂಕ ಸೇರಿತು. ‘ಪ’ಕಾರ ‘ಹ’ಕಾರವಾದ ಮೇಲೆ ಹೆಜ್ಜುಂಕವಾಯಿತು. ನಮ್ಮ ಹೆದ್ದಾರಿ, ಹೆಬ್ಬಾಗಿಲುಗಳ ಮೊದಲಿಗೆ ಕೂತಿರುವುದೂ ಇದೇ ಪೆರ್. ಹೆಜ್ಜುಂಕದ ಪಕ್ಕದಲ್ಲೇ ಬರುವ ಜೋಡಿ ‘ಕಿಱುಕುಳ’, ಚಿಲ್ಲರೆ ಪದಾರ್ಥಗಳ ಮೇಲಿನ ಬಿಡಿ ಸುಂಕ. ವಸೂಲಿಗೆ ‘ಸುಂಕವೆರ್ಗಡೆ’ ಎಂಬ ಅಧಿಕಾರಿ. ಸುಂಕಕ್ಕೂ ಹಳೆಯ ಬೇರುಂಟು. ಋಗ್ವೇದದಲ್ಲಿ ‘ಶುಲ್ಕ’ ಎಂದರೆ ಬರಿಯ ಬೆಲೆ. ಪ್ರಾಕೃತದ ಬಾಯಲ್ಲಿ ನುರಿದು ಅದು ಸುಂಕವಾಗಿ ನಮ್ಮಲ್ಲಿಗೆ ಬಂತು. ಮೂಲರೂಪವೂ ಬೇರೆ ಬಾಗಿಲಿನಿಂದ ಬಂದು ಶಾಲೆ-ಕಾಲೇಜುಗಳ ಕೌಂಟರಿನಲ್ಲಿ ಕೂತಿದೆ.

ಹೆಜ್ಜುಂಕ ತೆರುವ ತಾಕತ್ತಿದ್ದವರು ಯಾರೆಂದು ನೋಡಲು ದೂರ ಹೋಗಬೇಕಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡಿದವರು. ಸುಮಾತ್ರಾ ದ್ವೀಪದ ಬಾರುಸ್‌ನಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಅವರ ಹೇರುಗಳು ಸುಂಕದ ಕಟ್ಟೆಯಲ್ಲಿ ತೆತ್ತು ಮುಂದೆ ಸಾಗುತ್ತಿದ್ದವು. ಬುಟ್ಟಿ ಹೊತ್ತು ಸಂತೆಗೆ ಬಂದವಳ ಪಾಲಿಗೆ ಇದ್ದದ್ದು ಕಿರುಕುಳ.

ಹಳೆಯ ಸಾಹಿತ್ಯದಲ್ಲಿ ‘ಕಿರುಕುಳ ದೈವ’ ಎಂದರೆ ಚಿಲ್ಲರೆ ದೈವ, ಲೆಕ್ಕಕ್ಕೆ ಬಾರದ್ದು. ಸಣ್ಣದು ಎಂಬ ಅರ್ಥ ಕ್ಷುಲ್ಲಕಕ್ಕೆ ಜಾರಿತು, ಅಲ್ಲಿಂದ ಕಾಟಕ್ಕೆ ಇಳಿಯಿತು. ಈ ಇಳಿಜಾರಿನಲ್ಲಿ ಬಿಡಿ ಸುಂಕವೂ ಅದರ ಕೈ ಹಿಡಿದು ನಡೆದಿದೆ ಎಂದೇ ನನ್ನ ನಂಬಿಕೆ. ಮತ್ತೆ ಮತ್ತೆ ಕೈ ಚಾಚುವ ಸಣ್ಣ ವಸೂಲಿಗೆ ಜನ ಬೇರೆ ಯಾವ ಅರ್ಥ ಕೊಟ್ಟಾರು?

ಆಳುವವರ ಕಿವಿಗೂ ಇದು ಆಗಾಗ ಬಿದ್ದಿದೆ. 16ನೆಯ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ, ರಾಮರಾಯ ನಾಡಿನ ನಾವಿದರ ತೆರಿಗೆ, ಬಿಟ್ಟಿಗಳನ್ನು ಮನ್ನಾ ಮಾಡಿದ. ಬಾದಾಮಿ ಸೀಮೆಯ ನಾವಿದರಿಗೂ ಅದು ಸಂದಿತೆಂದು ಬಾದಾಮಿಯ ಶಾಸನ ಹೇಳುತ್ತದೆ. ಕತ್ತಿ-ಕನ್ನಡಿಯ ಚೀಲವೇ ಆಸ್ತಿಯಾಗಿದ್ದವರ ಪಾಲಿಗೆ ಅದು ಎಷ್ಟು ದೊಡ್ಡ ಮಾತು! ಚಾಲುಕ್ಯರ ಗುಹೆಗಳನ್ನು ನೋಡಲು ಬರುವವರಿಗೆ ಈ ಶಾಸನದ ಕತೆಯನ್ನೂ ಯಾರಾದರೂ ಹೇಳಬೇಕು.

2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಅದು ತಪ್ಪೆಂದು ನಾನು ಹೇಳುವುದಿಲ್ಲ; ದೊಡ್ಡ ವಹಿವಾಟು ಮುಚ್ಚಿಟ್ಟವರು ತೆರಲೇಬೇಕು. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರಿದವರಿಗೂ ಲಕ್ಷಗಳ ಲೆಕ್ಕ ಬಂತು. ಅಂಗಡಿಗಳ ಮುಂದೆ ನಗದು ಮಾತ್ರ ಎಂಬ ಫಲಕಗಳು ಎದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಆ ದಿನಗಳಲ್ಲಿ ಎಲ್ಲೆಲ್ಲೂ ಕೇಳಿದ ಮಾತು ‘ತೆರಿಗೆ ಕಿರುಕುಳ’. ಬಹಳ ಕಾಲ ಬೇರೆ ಬೇರೆ ಓಣಿಗಳಲ್ಲಿ ಬಾಳಿದ ಎರಡು ಪದ ಮತ್ತೆ ಒಂದೇ ಮನೆಗೆ ಬಂದಿದ್ದವು.

ಇಳಕಲ್ಲಿನಲ್ಲಿ ಈ ಮಾತಿಗೆ ಇನ್ನೂ ನಿಖರವಾದ ಅಳತೆ ಸಿಗುತ್ತದೆ. ಬಟ್ಟೆಯ ಮೇಲಿನ ಶೇ. 5ರ ತೆರಿಗೆಯನ್ನು 2022ರ ಜನವರಿ 1ರಿಂದ ಶೇ. 12ಕ್ಕೆ ಏರಿಸಲು ಹೊರಟಾಗ ದೇಶದ ಜವಳಿ ವ್ಯಾಪಾರಿಗಳೆಲ್ಲ ಎದ್ದು ನಿಂತರು. ಹಿಂದಿನ ದಿನವೇ ಜಿಎಸ್‌ಟಿ ಮಂಡಳಿ ಅದನ್ನು ತಡೆಹಿಡಿಯಿತು. ಹೆಜ್ಜುಂಕದ ಗದ್ದಲ ದೂರಕ್ಕೆ ಕೇಳುತ್ತದೆ. ಆದರೆ ನೋಂದಣಿ ಮಾಡಿಸಿಕೊಂಡ ಸೀರೆ ಅಂಗಡಿಯವ ಒಂದು ತಿಂಗಳು ಒಂದೂ ಟೋಪ ತೆನೆ ಸೆರಗಿನ ಸೀರೆ ಮಾರದಿದ್ದರೂ, ಏನೂ ಮಾರಿಲ್ಲ ಎಂಬ ಲೆಕ್ಕ ಕೊಡಲು ತಡಮಾಡಿದರೆ ದಿನಕ್ಕೆ 20 ರೂಪಾಯಿ ತಡ ಶುಲ್ಕ, 500 ರೂಪಾಯಿಯ ಮಿತಿಯವರೆಗೆ. ಇದನ್ನು ತಡೆಹಿಡಿಯಲು ಯಾರೂ ದಿಲ್ಲಿಯಲ್ಲಿ ಸಭೆ ಸೇರುವುದಿಲ್ಲ. ‘ತೆರಿಗೆ ಬ್ಯಾಡ ಅನ್ನೂದಿಲ್ರಿ, ಈ ಕಿರುಕುಳ ಸಾಕಾಗೇತಿ’ ಅನ್ನುವವರಿಗೆ ತಮ್ಮ ಬಾಯಲ್ಲಿರುವುದು ಶಾಸನದ ಪದವೆಂದು ಗೊತ್ತಿರಬೇಕಾಗಿಲ್ಲ. ತಿಂಗಳ 20 ಹತ್ತಿರ ಬಂತೆಂದರೆ ಬಿಲ್ಲಿನ ಕಟ್ಟು ಹಿಡಿದು ಆಡಿಟರ ಬಾಗಿಲಿಗೆ ಹೋಗಿ ಕೂಡುತ್ತಾರೆ.