ಯಾರೋ: ಗಾಯಕ್ಕೆ ಕಟ್ಟುವ ಸೊಪ್ಪು

ಯಾರೋ ಗಿಡದ ವೈಜ್ಞಾನಿಕ ಹೆಸರು ಅಖಿಲಿಯಾ ಮಿಲ್ಲೆಫೋಲಿಯಂ. ಸೇವಂತಿಗೆ ಕುಟುಂಬದ ಈ ಗಿಡ ಯುರೋಪಿನ ಹುಲ್ಲುಗಾವಲುಗಳಲ್ಲೂ ನಮ್ಮ ಕಾಶ್ಮೀರ, ಹಿಮಾಚಲದ ಬೆಟ್ಟಗಳಲ್ಲೂ ತಾನಾಗಿ ಬೆಳೆಯುತ್ತದೆ. ನುಣ್ಣಗೆ ಸೀಳಿದ ಎಲೆ ಹಕ್ಕಿಯ ಪುಕ್ಕದಂತಿದೆ.

ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಅಖಿಲೀಸ್ ಸಂಗಡಿಗರ ಗಾಯಕ್ಕೆ ಇದನ್ನು ಹಚ್ಚಿದನೆಂದು ಐತಿಹ್ಯ. ಅದೇನೇ ಇರಲಿ, ರಕ್ತ ನಿಲ್ಲಲು ಎಲೆ ಜಜ್ಜಿ ಕಟ್ಟುವ ರೂಢಿ ಯುರೋಪಿನಲ್ಲಿ ಶತಮಾನಗಳ ಕಾಲ ಇತ್ತು. ಈ ಗಿಡದೊಂದಿಗೆ ಮನುಷ್ಯನ ನಂಟು ಇನ್ನೂ ಹಳೆಯದಿರಬಹುದು: ಸ್ಪೇನಿನ ಎಲ್ ಸಿಡ್ರೋನ್ ಗುಹೆಯ ನಿಯಾಂಡರ್ಥಲ್ ಮಾನವನ ಹಲ್ಲಿನ ಕಿಟ್ಟದಲ್ಲಿ ಯಾರೋ ಮತ್ತು ಕ್ಯಾಮೊಮೈಲ್ ಗಿಡಗಳನ್ನು ಸೂಚಿಸುವ ರಾಸಾಯನಿಕಗಳು ಸಿಕ್ಕವೆಂದು 2012ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಇಷ್ಟು ಕಹಿ ಸೊಪ್ಪನ್ನು ಆ ಜನ ರುಚಿಗೆಂದು ಅಗಿದಿರಲಾರರು!

ಹೂವಿನ ಕಷಾಯ ಜ್ವರಕ್ಕೆ, ಅಜೀರ್ಣಕ್ಕೆ, ಮುಟ್ಟಿನ ನೋವಿಗೆ ಮನೆಮದ್ದು. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಬಳಕೆ ಹರಡುವ ಮುನ್ನ ಈ ಗಿಡ ಅದಕ್ಕೂ ಬೀಳುತ್ತಿತ್ತು. ಹೂವು ಬಿಳಿಯಾದರೂ ಹಬೆಯಲ್ಲಿ ಬಟ್ಟಿ ಇಳಿಸಿದ ಎಣ್ಣೆ ಕಡುನೀಲಿಯಾಗುವುದುಂಟು. ಕಾರಣ, ಶಾಖದಲ್ಲಿ ಹುಟ್ಟುವ ಕೆಮಜುಲೀನ್ ಎಂಬ ರಾಸಾಯನಿಕ. ಉರಿಯೂತ ತಗ್ಗಿಸುವ ಗುಣ ಅದಕ್ಕಿದೆಯೆಂದು ಪ್ರಯೋಗಾಲಯದ ಪರೀಕ್ಷೆಗಳು ತೋರಿಸಿವೆ; ಮನುಷ್ಯರ ಮೇಲಿನ ಅಧ್ಯಯನಗಳು ಮಾತ್ರ ಕಡಿಮೆ.

ಸೇವಂತಿಗೆ ಕುಟುಂಬದ ಹೂಗಳು ಒಗ್ಗದವರಿಗೆ ಇದನ್ನು ಮುಟ್ಟಿದರೂ ತುರಿಕೆ ಏಳಬಹುದು. ಗರ್ಭಿಣಿಯರು ಸೇವಿಸಬಾರದು.