ದಾರಿಗಳ್ಳರ ಕಾಟವೂ ಮೈಸೂರಿನ ಕಂದಾಚಾರವೂ

ವ್ಯಾಪಾರಕ್ಕೆ ಬಂಡವಾಳದಷ್ಟೇ ನಿರ್ಭಯವಾದ ಹಾದಿಯೂ ಅವಶ್ಯ. ಕೆಸರೆಗೆ ಸಮೀಪದ ಮೈಸೂರು–ಶ್ರೀರಂಗಪಟ್ಟಣ ಮಾರ್ಗದಲ್ಲಿ ಹೇರೆತ್ತುಗಳೊಡನೆ ನಡೆದ ವರ್ತಕರು ಇದನ್ನು ಚೆನ್ನಾಗಿ ಬಲ್ಲವರು. ಚಿಕ್ಕದೇವರಾಜ ಒಡೆಯರ (1673–1704) ಹದಿನೆಂಟು ಚಾವಡಿಗಳಲ್ಲಿ ಸೀಮೆಯ ಕಂದಾಚಾರವೂ ಒಂದಾಗಿತ್ತು. ಬೇಹಿನ ಚಾವಡಿಯು ನಾಡಿನ ಗುಟ್ಟನ್ನು ಅರಮನೆಗೆ ಮುಟ್ಟಿಸುತ್ತಿತ್ತು.

1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಬಳಿಕ ಸೈನ್ಯ ಚದುರಿತು. ಕೈಯಲ್ಲಿ ಆಯುಧ, ಹೊಟ್ಟೆಯಲ್ಲಿ ಹಸಿವು. ದರೋಡೆಗೆ ಇನ್ನೇನು ಬೇಕು? ಅದೇ ಸುಮಾರಿಗೆ ಬೆಂಗಳೂರಿನ ಬಳಿ 100 ಮಂದಿಯಷ್ಟು ಠಕ್ಕರು ಸೆರೆಸಿಕ್ಕರು. ಪ್ರಯಾಣಿಕರ ಕೊರಳಿಗೆ ಉರುಳು ಬಿಗಿದು ದೋಚುವುದೇ ಅವರ ಕುಲಕಸುಬೆಂದು ಆಗ ಯಾರೂ ಅರಿಯಲಿಲ್ಲ!

ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ 1811ರವರೆಗೆ ಆಡಳಿತ ನಡೆಸಿದ ದಿವಾನ್ ಪೂರ್ಣಯ್ಯನವರು ದಂಡನೆಯೊಂದನ್ನೇ ನೆಚ್ಚಲಿಲ್ಲ. ಆಯುಧ ಹಿಡಿದು ಬಲ್ಲವರನ್ನು ಕಂದಾಚಾರಕ್ಕೆ ಸೇರಿಸಿಕೊಂಡು, ಸಂಬಳ ಗೊತ್ತುಮಾಡಿ, ನಾಡಿನ ಕಾವಲನ್ನು ಅವರಿಗೇ ವಹಿಸಿದರು.